ಹುಮನಾಬಾದಿನ ನೀರು, ಕಲ್ಯಾಣದ ಬಿಸಿಲು

ನನ್ನ ಮಗಳ ಹೊಟ್ಟೆಯ ಮೇಲೆ ಎದ್ದ ಗುಳ್ಳೆಗಳ ಬಗ್ಗೆ ಎರಡು ಊರುಗಳಿಗೆ ಎರಡು ಖಚಿತ ಅಭಿಪ್ರಾಯಗಳಿದ್ದವು. ಬಸವಕಲ್ಯಾಣದಲ್ಲಿರುವ ನನ್ನ ಅತ್ತೆಯ ಪ್ರಕಾರ ಕಾರಣ ಹುಮನಾಬಾದಿನ ನೀರು. ಹುಮನಾಬಾದಿನಲ್ಲಿರುವ ನನ್ನ ಅವ್ವನ ಪ್ರಕಾರ ಕಲ್ಯಾಣದ ಬಿಸಿಲು. ಎರಡು ಊರಿನ ನಡುವೆ ಬಸ್ಸಿನಲ್ಲಿ ಗಂಟೆಯೊಳಗಿನ ದಾರಿ. ಬಂಗ್ಲಾ ಕ್ರಾಸ್ ದಾಟಿದ ಕೂಡಲೇ ಸೂರ್ಯ ಬದಲಾಗುವುದಿಲ್ಲ ಎಂದು ಅವ್ವನಿಗೂ, ನೀರು ವಿಷವಾಗುವುದಿಲ್ಲ ಎಂದು ಅತ್ತೆಗೂ ನಾನು ಎಷ್ಟೋ ಸಲ ಹೇಳಿದ್ದೆ. ಇಬ್ಬರೂ ಒಂದೇ ರೀತಿ ತಲೆಯಾಡಿಸಿದರು. ಕೇಳಿಸಿಕೊಂಡಿದ್ದೇನೆ, ಒಪ್ಪಿಲ್ಲ ಎನ್ನುವ ತಲೆಯಾಡಿಕೆ ಅದು. ಆ ಒಂದು ವಿಷಯದಲ್ಲಿ ಬೀಗಿತ್ತಿಯರಿಬ್ಬರೂ ಅಕ್ಕತಂಗಿಯರಂತಿದ್ದರು.

ಮೊದಲ ಸಲ ಗುಳ್ಳೆ ಎದ್ದಾಗ ಅವಳಿಗೆ ಒಂದೂವರೆ ವರ್ಷ. ಸಾಸಿವೆಗಿಂತ ತುಸು ದೊಡ್ಡವು, ಕೆಂಪಗೆ, ಹೊಕ್ಕುಳಿನ ಎಡಬದಿಯಲ್ಲಿ ಒತ್ತೊತ್ತಾಗಿ. ಕೆಲವುಗಳ ತುದಿಯಲ್ಲಿ ನೀರು ತುಂಬಿತ್ತು. ಎಡಗೈ ಹೆಬ್ಬೆರಳಿನ ಮೇಲೆ ಎರಡು, ಕೆಳತುಟಿಯ ಕೆಳಗೆ ಒಂದು. ಜ್ವರವಿಲ್ಲ, ಊಟ ಬಿಟ್ಟಿಲ್ಲ, ಆಟ ಬಿಟ್ಟಿಲ್ಲ. ತುರಿಕೆ ಮಾತ್ರ. ಆಡುತ್ತ ಆಡುತ್ತ ನಿಂತು, ಅಂಗಿ ಎತ್ತಿ, ದೊಡ್ಡವರಂತೆ ಯೋಚನೆ ಮಾಡುತ್ತ ಹೊಟ್ಟೆ ಕೆರೆದುಕೊಳ್ಳುತ್ತಿದ್ದಳು. ವಾರದಲ್ಲಿ ಒಣಗಿದವು. ಮರೆತೆವು. ತಿಂಗಳ ನಂತರ ಮತ್ತೆ ಎದ್ದವು. ಆಮೇಲೆ ಮತ್ತೆ.

ಸಣ್ಣ ಮಗುವಿನ ಮೈಮೇಲೆ ಗುಳ್ಳೆ ಕಂಡರೆ ಈ ಕಡೆಯ ಯಾರಿಗೂ ಸುಮ್ಮನೆ ಹೋಗಲಿಕ್ಕೆ ಆಗುವುದಿಲ್ಲ. ಹಾಲು ಹಾಕಲು ಬಂದವಳು ಅಂಗಿ ಎತ್ತಿ ನೋಡಿ “ಬೆವರಗುಳ್ಳಿ” ಎಂದಳು. ಎದುರುಮನೆಯವರು ಅಂಗಿ ಎತ್ತಿ ನೋಡಿ “ಪಿತ್ತ ಆಗ್ಯಾದ” ಎಂದರು. ಬಸ್ಸಿನಲ್ಲಿ ಪಕ್ಕಕ್ಕೆ ಕೂತ, ಹುಡಗಿ ಎಂಬ ಹಳ್ಳಿಯಲ್ಲಿ ಇಳಿಯಬೇಕಾಗಿದ್ದ ಹೆಂಗಸು ಕೂಡ ಅಂಗಿ ಎತ್ತಿದಳು.

“ಹಾಲು ಕುಡಿಸ್ತಿ ಏನವಾ ಇನ್ನಾ?”

“ಹೌದ್ರಿ.”

“ಹಂಗಾದ್ರ ನೀ ಬದನಿಕಾಯಿ ತಿಂದಿರ್ತಿ.”

“ಇಲ್ರಿ, ತಿಂದಿಲ್ಲ.”

“ಶೇಂಗಾ?”

ಶೇಂಗಾ ತಿನ್ನದೆ ಈ ಸೀಮೆಯಲ್ಲಿ ಬದುಕುವುದು ಹೇಗೆ? ನಾನು ಮಗಳ ಅಂಗಿ ಕೆಳಗೆಳೆದೆ. ಆಕೆ ಹಿಂದಿನ ಸೀಟಿಗೆ ತಿರುಗಿ, “ಶೇಂಗಾ ತಿಂದಾಳ” ಎಂದು ವರದಿ ಒಪ್ಪಿಸಿದಳು. ಹಿಂದಿನ ಸೀಟಿನಿಂದ ಒಂದು ತಲೆ ಮುಂದೆ ಬಂತು. ಮತ್ತೆ ಅಂಗಿ ಎತ್ತಲಾಯಿತು. ನನ್ನ ಮಗಳಿಗೆ ಇದೆಲ್ಲ ಎಷ್ಟು ರೂಢಿಯಾಯಿತೆಂದರೆ, ಯಾರಾದರೂ ಹೊಸಬರು ಎದುರು ನಿಂತರೆ ತಾನೇ ಅಂಗಿ ಎತ್ತಿ ಹೊಟ್ಟೆ ತೋರಿಸತೊಡಗಿದಳು. ಕರೆಂಟ್ ಬಿಲ್ ಕೊಡಲು ಬಂದವನಿಗೂ ತೋರಿಸಿದಳು. ಅವನು ಗಂಭೀರವಾಗಿ ನೋಡಿ, “ಬೇವಿನ ನೀರು ಹಾಕ್ರಿ” ಎಂದು ಹೇಳಿ ಹೋದ.

ಬೇವಿನ ನೀರು ಹಾಕಿದೆ. ಕಡಲೆಹಿಟ್ಟು ಹಚ್ಚಿ ಮೀಯಿಸಿದೆ. ಸಾಬೂನು ಬಿಟ್ಟೆ, ಪೌಡರ್ ಬಿಟ್ಟೆ, ಬಣ್ಣದ ಅಂಗಿಗಳನ್ನು ಟ್ರಂಕಿಗೆ ಹಾಕಿ ಬಿಳಿ ಹತ್ತಿಯವನ್ನೇ ತೊಡಿಸಿದೆ. ಹಾಸಿಗೆ ಬಿಸಿಲಿಗೆ ಹಾಕಿದೆ. ಶೇಂಗಾ ಕೂಡ ಬಿಟ್ಟೆ. ಸೊಪ್ಪಿನ ಪಲ್ಯಕ್ಕೆ ಹಾಕುವ ಪುಡಿಯಲ್ಲಿ ಶೇಂಗಾ ಇರುತ್ತದೆಂದು ಪಲ್ಯವನ್ನೂ ಬಿಟ್ಟೆ. ನಾನು ಬಡಕಲಾದೆ, ಗುಳ್ಳೆಗಳಿಗೆ ಏನೂ ಆಗಲಿಲ್ಲ.

ನಾನು ಓದಿದ್ದು ಸಿಸ್ಟರ್‌ಗಳ ಕಾನ್ವೆಂಟಿನಲ್ಲಿ. ಆರನೆಯ ಇಯತ್ತೆಯಲ್ಲಿ ಒಬ್ಬ ಸಿಸ್ಟರ್ ಒದ್ದೆ ಹತ್ತಿಯ ಮೇಲೆ ಅವರೆಕಾಳು ಇಟ್ಟು, ದಿನಾಲೂ ಅದು ಎಷ್ಟು ಮೊಳೆತಿದೆ ಎಂದು ನೋಡಿ ಚಿತ್ರ ಬರೆಸುತ್ತಿದ್ದರು. ನೋಡದೆ ಬರೆದರೆ ಅವರಿಗೆ ಗೊತ್ತಾಗುತ್ತಿತ್ತು. ಆ ಅಭ್ಯಾಸ ನನ್ನನ್ನು ಬಿಟ್ಟಿಲ್ಲ. ಹಳೆಯ ನೋಟ್‌ಬುಕ್ಕಿನಲ್ಲಿ ನಾನು ಮಗಳ ಹೊಟ್ಟೆಯ ಚಿತ್ರ ಬರೆಯತೊಡಗಿದೆ. ನಡುವೆ ಹೊಕ್ಕುಳು, ಸುತ್ತ ಚುಕ್ಕಿಗಳು. ಯಾವ ದಿನ ಎದ್ದವು, ಯಾವ ದಿನ ಒಣಗಿದವು, ಹಿಂದಿನ ದಿನ ಏನು ತಿಂದಳು, ಎಲ್ಲಿದ್ದಳು. ನಾಲ್ಕು ತಿಂಗಳು ಹೀಗೆ ಬರೆದ ಮೇಲೆ ಒಂದು ಮಾತು ಸ್ಪಷ್ಟವಾಯಿತು. ಊಟಕ್ಕೂ ಗುಳ್ಳೆಗೂ ಸಂಬಂಧವಿಲ್ಲ. ಕಲ್ಯಾಣದಿಂದ ಹುಮನಾಬಾದಿಗೆ ಹೋದ ಎರಡನೆಯ ದಿನ ಗುಳ್ಳೆ ಏಳುತ್ತವೆ. ಹುಮನಾಬಾದಿನಿಂದ ಕಲ್ಯಾಣಕ್ಕೆ ಬಂದ ಎರಡನೆಯ ದಿನವೂ ಏಳುತ್ತವೆ. ಒಂದೇ ಊರಿನಲ್ಲಿ ಮೂರು ವಾರ ಇದ್ದರೆ ಮೈ ಬೆಣ್ಣೆಯಂತಿರುತ್ತದೆ.

ಇದನ್ನು ನಾನು ಯಾರಿಗೂ ತೋರಿಸಲಿಲ್ಲ. ತೋರಿಸಿದರೆ ಇಬ್ಬರೂ ಗೆಲ್ಲುತ್ತಿದ್ದರು.

ಮಕ್ಕಳ ಡಾಕ್ಟರ ಹತ್ತಿರ ಹೋದಾಗ ನೋಟ್‌ಬುಕ್ ಚೀಲದಲ್ಲೇ ಇತ್ತು, ನಾಚಿಕೆಯಾಗಿ ತೆಗೆಯಲಿಲ್ಲ. ಡಾಕ್ಟರು ಒಳ್ಳೆಯವರು, ಆದರೆ ಹೊರಗೆ ಇಪ್ಪತ್ತು ಮಕ್ಕಳು ಅಳುತ್ತಿದ್ದರು.

“ಹೊಸಾದೇನರ ಮೈಗಿ ಹತ್ತೇದೇನ್ರಿ? ಸಾಬಾಣ, ಎಣ್ಣಿ, ಹೊಸಾ ಬಟ್ಟಿ?”

“ಇಲ್ರಿ. ಎಲ್ಲಾ ಬಿಟ್ಟೇನಿ.”

ಅವರಿಗೆ ಹೊಟ್ಟೆ ಸರಿಯಾಗಿ ಕಾಣಲಿ ಎಂದು ನಾನೇ ಮಗಳ ಉಡದಾರವನ್ನು ಬೆರಳಿನಿಂದ ಮೇಲಕ್ಕೆತ್ತಿ ಹಿಡಿದಿದ್ದೆ. ಅದನ್ನು ನೆನೆದರೆ ಈಗಲೂ ಹಲ್ಲು ಕಚ್ಚುತ್ತೇನೆ. ಈ ಕಡೆಯ ಮಕ್ಕಳಿಗೆಲ್ಲ ಇರುವಂತೆ ಅವಳ ನಡುವಿಗೂ ಒಂದು ಕರಿ ದಾರ. ಅದರಲ್ಲಿ ಒಂದು ಬೆಳ್ಳಿ ಗೆಜ್ಜೆ, ಒಂದು ಬಜೆಯ ತುಂಡು, ಒಂದು ಬಿಬ್ಬಾ. ಬಿಬ್ಬಾ ಎಂದರೆ ಅಡಿಕೆಗಿಂತ ಸಣ್ಣದಾದ, ನುಣುಪಾದ ಕಪ್ಪು ಕಾಯಿ. ಅಮಾವಾಸ್ಯೆಗೆ ಅಂಗಡಿಯವರು ನಿಂಬೆಹಣ್ಣು ಮೆಣಸಿನಕಾಯಿಯ ಜೊತೆ ಪೋಣಿಸಿ ಬಾಗಿಲಿಗೆ ಕಟ್ಟುತ್ತಾರಲ್ಲ, ಅದೇ. ನಜರ್ ತಾಗಬಾರದೆಂದು ಮಕ್ಕಳ ನಡುವಿಗೂ ಕಟ್ಟುತ್ತಾರೆ. ನನಗೂ ಕಟ್ಟಿದ್ದರಂತೆ, ನನ್ನ ಗಂಡನಿಗೂ. ಹೊಸದೇನಾದರೂ ಮೈಗೆ ತಾಗಿದೆಯೇ ಎಂದು ಕೇಳಿದರೆ ಅದು ಯಾರಿಗೆ ನೆನಪಾಗುತ್ತದೆ? ಕಿವಿ ಹೊಸದೇ, ಮೂಗು ಹೊಸದೇ ಎಂದು ಕೇಳಿದ ಹಾಗೆ.

ಡಾಕ್ಟರು ಗುಲಾಬಿ ಬಣ್ಣದ ಲೋಷನ್ ಮತ್ತು ತುರಿಕೆಗೆ ಒಂದು ಸಿರಪ್ ಬರೆದುಕೊಟ್ಟರು. ಉಗುರು ಕತ್ತರಿಸಿ ಎಂದರು. ಕಡಿಮೆಯಾಗದಿದ್ದರೆ ಮತ್ತೆ ಕರಕೊಂಡು ಬರ್ರಿ ಎಂದರು. ಲೋಷನ್ ಹಚ್ಚಿದ ಮಗಳು ಸುಣ್ಣ ಬಳಿದ ಗೋಡೆಯಂತೆ ಮನೆಯೆಲ್ಲ ಓಡಾಡಿ ಸೋಫಾ ಗುಲಾಬಿ ಮಾಡಿದಳು.

ಅಷ್ಟರಲ್ಲಿ ಅವ್ವನ ಫೋನ್ ಬಂತು. ಬಲಗಣ್ಣಿನ ಪೊರೆ ತೆಗೆಸಲು ದಿನ ಗೊತ್ತಾಗಿದೆ. ಆಪರೇಷನ್ ದೊಡ್ಡದಲ್ಲ, ಆದರೆ ಆಮೇಲೆ ದಿನಕ್ಕೆ ಆರು ಸಲ ಕಣ್ಣಿಗೆ ಹನಿ ಹಾಕಬೇಕು, ಬಗ್ಗಬಾರದು, ಒಲೆಯ ಹತ್ತಿರ ಹೋಗಬಾರದು. ಅಣ್ಣ ಬೆಳಿಗ್ಗೆ ಅಂಗಡಿ ತೆರೆದರೆ ರಾತ್ರಿಯೇ ಮನೆಗೆ. ವೈನಿ ಹೆರಿಗೆಗೆ ತವರಿಗೆ ಹೋಗಿದ್ದಾಳೆ.

“ನೀ ಒಂದ ಹತ್ತು ದಿನ ಬಂದ್ರ ಸಾಕವಾ,” ಎಂದಳು ಅವ್ವ. ಅವಳು ಏನನ್ನೂ ಕೇಳುವವಳಲ್ಲ. ಇಷ್ಟು ಕೇಳಲು ಎರಡು ದಿನ ತಾಲೀಮು ಮಾಡಿರುತ್ತಾಳೆ ಎಂದು ನನಗೆ ಗೊತ್ತು.

ಅತ್ತೆಗೆ ಹೇಳಿದೆ. ಅವರು ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದರು. ಕಲ್ಲೊಂದನ್ನು ಆರಿಸಿ ಪಕ್ಕಕ್ಕಿಟ್ಟರು.

“ಹೋಗು. ತಾಯಿ ಕಣ್ಣಂದ್ರ ಸಣ್ಣ ಮಾತಲ್ಲ. ಕೂಸಿಗಿ ಬಿಟ್ಟ ಹೋಗು.”

“ಅತ್ತಿ, ಅಕಿ ನನ್ನ ಬಿಟ್ಟ ಮಲಗಂಗಿಲ್ರಿ.”

“ನಾಕ ದಿನ ಅಳ್ತಾಳ, ಮಲಗ್ತಾಳ. ಹೋಗಿ ಬಂದಾಗೊಮ್ಮ ಕೂಸಿನ ಮೈ ಏನಾಗ್ತದ ನೋಡೀದಿಲ್ಲೋ? ಈಗ ಹತ್ತು ದಿನ ಆ ನೀರ ಕುಡದ್ರ ಅಕಿ ತೊಗಲ ಉಳದೀತೇನು?”

“ಇಲ್ಲಿ ಬಂದ ಮ್ಯಾಲೂ ಏಳ್ತಾವಲ್ರಿ.”

“ಅಲ್ಲಿ ಕುಡದದ್ದು ಇಲ್ಲಿ ಹೊರಗ ಬೀಳ್ತದ.”

ಈ ತರ್ಕಕ್ಕೆ ಯಾವ ಕಾನ್ವೆಂಟಿನಲ್ಲೂ ಉತ್ತರ ಕಲಿಸುವುದಿಲ್ಲ. ಗಂಡನ ಕಡೆ ನೋಡಿದೆ. ಅವರು ಮೊಬೈಲ್ ನೋಡುತ್ತ, “ಗುಳ್ಳಿ ಪೂರಾ ಹೋಗ್ಲಿ, ಆಮ್ಯಾಲ ನೋಡೂಣು” ಎಂದರು. ತಾಯಿಗೂ ಹೆಂಡತಿಗೂ ನಡುವೆ ನಿಲ್ಲಬೇಕಾದಾಗ ಅವರ ಮೊಬೈಲಿನಲ್ಲಿ ಯಾವಾಗಲೂ ಏನೋ ಮಹತ್ವದ್ದು ಬಂದಿರುತ್ತದೆ. ಆಪರೇಷನ್ನಿಗೆ ಹದಿನೆಂಟು ದಿನವಿತ್ತು. ಮಗಳ ಹೊಟ್ಟೆಯ ಮೇಲೆ ಹೊಸ ಗುಳ್ಳೆಗಳು ಆಗಷ್ಟೇ ನೀರು ತುಂಬಿಕೊಳ್ಳುತ್ತಿದ್ದವು. ಅಂದರೆ ನಾನು ಅವ್ವನ ಕಣ್ಣಿಗೆ ಹನಿ ಹಾಕಬೇಕೋ ಬೇಡವೋ ಎನ್ನುವುದನ್ನು ಇನ್ನು ಆ ಗುಳ್ಳೆಗಳು ತೀರ್ಮಾನಿಸಬೇಕು.

ಆ ದಿನಗಳಲ್ಲಿ ನಾನು ಯಾರ ಮೇಲೂ ಸಿಟ್ಟು ಮಾಡಲಿಲ್ಲ. ನನಗೆ ಸಿಟ್ಟು ಮಾಡಲು ಬರುವುದಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಬರುತ್ತದೆ. ನಾನು ಅದನ್ನು ಬಟ್ಟೆಯ ಮೇಲೆ ತೀರಿಸುತ್ತೇನೆ. ಮಗಳ ಬಿಳಿ ಅಂಗಿಗಳ ನಡುವಿನ ಹತ್ತಿರ ಕಂದು ಮಿಶ್ರಿತ ಕಪ್ಪು ಚುಕ್ಕಿಗಳು ಬೀಳುತ್ತಿದ್ದವು. ಎಣ್ಣೆಯಂತೆ ಅಂಚು ಹರಡಿದ, ಬಟಾಣಿ ಗಾತ್ರದ ಕಲೆ. ಬಾರ್ ಸಾಬೂನು ಹಚ್ಚಿದೆ, ನಿಂಬೆರಸ ಹಿಂಡಿದೆ, ಬಿಸಿಲಿಗೆ ಒಣಹಾಕಿದೆ. ಬಿಸಿಲಿಗೆ ಹಾಕಿದಷ್ಟೂ ಕಪ್ಪಾಯಿತು. ಉಜ್ಜಿ ಉಜ್ಜಿ ನನ್ನ ಬಲಗೈ ಬೆರಳ ಸಂದಿಯಲ್ಲೇ ಎರಡು ಗುಳ್ಳೆ ಎದ್ದವು. ಸಾಬೂನು ಕೆಟ್ಟದ್ದು ಎಂದುಕೊಂಡು ಅಂಗಡಿಯವರಿಗೆ ದೂರು ಹೇಳಿ ಬೇರೆ ತಂದೆ. ಕಾಳು ಮೊಳೆಯುವುದನ್ನು ದಿನಾಲೂ ಬರೆದ ಹುಡುಗಿ ನಾನು. ಕಣ್ಣೆದುರಿಗೆ ಮೂರು ಸಾಕ್ಷಿಗಳು ಸಾಲಾಗಿ ನಿಂತಿದ್ದವು. ನೋಡಿದೆ, ಬರೆದುಕೊಂಡೆ, ಏನೂ ತಿಳಿಯಲಿಲ್ಲ.

ನಮ್ಮ ಓಣಿಯ ತಿರುವಿನಲ್ಲಿ ಬೇವಿನ ಮರದ ಕೆಳಗೆ ಒಬ್ಬ ಮುದುಕಿ ಇಸ್ತ್ರಿಯ ಗಾಡಿ ಇಟ್ಟುಕೊಂಡಿದ್ದಾಳೆ. ಕೆಂಡದ ಇಸ್ತ್ರಿ ಪೆಟ್ಟಿಗೆ, ಒದ್ದೆ ಬಟ್ಟೆಯ ಒಂದು ಉಂಡೆ, ಬಾಯಲ್ಲಿ ಸದಾ ಎಲೆ. ಗಂಡನ ಅಂಗಿಗಳ ಜೊತೆ ತಪ್ಪಿ ಮಗಳ ಒಂದು ಅಂಗಿಯೂ ಹೋಗಿತ್ತು. ತರಲು ಹೋದಾಗ ಅವಳು ಅದನ್ನು ಇಸ್ತ್ರಿ ಮಾಡದೆ ಬೇರೆಯಾಗಿ ಇಟ್ಟಿದ್ದಳು. ಎರಡು ಬೆರಳಿನಿಂದ ಅಂಚು ಹಿಡಿದು ನನ್ನೆದುರು ಎತ್ತಿದಳು.

“ಈ ಕಲಿ ತಿಕ್ಕೀರೇನ್ರಿ ಅಕ್ಕಾರ?”

“ನಾಕ ದಿನಾ ತಿಕ್ಕೇನಿ. ಹೋಗಂಗಿಲ್ಲ.”

“ಹೋದ್ರ ನಮ್ಮವ್ವ ಬದಕ್ತಿದ್ದಿಲ್ರಿ.” ಅವಳು ಎಲೆ ಉಗುಳಿ ಬಂದು ಹೇಳಿದಳು. “ನಮ್ಮವ್ವ ಹತ್ತು ಮನಿ ಬಟ್ಟಿ ಒಗೀತಿದ್ಲು. ಯಾರದು ಯಾವದು ಅಂತ ಗುರುತ ಹ್ಯಾಂಗ ಸಿಗಬೇಕು? ಬಿಬ್ಬಾ ಚುಚ್ಚಿ, ಅದರ ಎಣ್ಣಿಲೆ ಮೂಲ್ಯಾಗ ಒಂದ ಚುಕ್ಕಿ ಇಡ್ತಿದ್ಲು. ಬಟ್ಟಿ ಹರೀತದ, ಚುಕ್ಕಿ ಹೋಗಂಗಿಲ್ಲ. ಇದು ಬಿಬ್ಬಾದ ಕಲಿ.”

ಆಮೇಲೆ ನನ್ನ ಬೆರಳ ಸಂದಿ ನೋಡಿದಳು. ಮಗಳು ಎಂದಿನಂತೆ ಅಂಗಿ ಎತ್ತಿ ಹೊಟ್ಟೆ ತೋರಿಸಿದಳು. ಮುದುಕಿ ಬಗ್ಗಲಿಲ್ಲ, ಮುಟ್ಟಲಿಲ್ಲ. ಆರು ತಿಂಗಳಲ್ಲಿ ನನ್ನ ಮಗಳ ಹೊಟ್ಟೆ ಮುಟ್ಟದೆ ಮಾತಾಡಿದ ಮೊದಲನೆಯವಳು.

“ಬಿಬ್ಬಾ ಎದ್ದದ. ನಮ್ಮವ್ವನ ಕೈತುಂಬ ಹಿಂಗೇ ಇರ್ತಿದ್ವು.”

“ಆದ್ರ ಅಕಿ ಹುಟ್ಟಿದಾಗಿಂದ ಅದು ನಡದಾಗೇ ಅದ.”

“ಒಣಗಿದ್ದು ಏನೂ ಮಾಡಂಗಿಲ್ರಿ. ಮ್ಯಾಲಿನ ಸಿಪ್ಪಿ ಗಟ್ಟಿ ಇರ್ತದ. ಹಸೀದಕ್ಕ ಕಾದ ಸೂಜಿ ಚುಚ್ಚಿ ಪೋಣಿಸಿದ್ರ ಎಣ್ಣಿ ಒಸರತದ. ಯಾರೋ ಹೊಸಾದು ಕಟ್ಯಾರ ನೋಡ್ರಿ.”

ಅಲ್ಲೇ ಗಾಡಿಯ ಪಕ್ಕ ಕೂತು ಉಡದಾರ ನೋಡಿದೆ. ದಿನಾ ಎರಡು ಹೊತ್ತು ಮೀಯಿಸುವಾಗ ನೋಡಿದ್ದೇ. ಈಗ ನಿಜವಾಗಿ ನೋಡಿದೆ. ಬಿಬ್ಬಾ ಹೊಳೆಯುತ್ತಿತ್ತು. ಹುಟ್ಟಿದಾಗ ಕಟ್ಟಿದ್ದು ಮಂಕಾಗಿ, ಒಂದು ಬದಿ ಸುಕ್ಕಾಗಿತ್ತು. ಇದರ ತೂತಿನ ಬಾಯಲ್ಲಿ ಜಿಗುಟು ಕಪ್ಪು. ಅವಳು ನಿಂತಲ್ಲಿ ಕೂತಲ್ಲಿ ಎಡಗೈಯಿಂದ ಅದನ್ನು ಹಿಡಿದು ತಿರುವುತ್ತಾಳೆ, ಆಮೇಲೆ ಅದೇ ಹೆಬ್ಬೆರಳನ್ನು ಬಾಯಿಗೆ ಹಾಕುತ್ತಾಳೆ. ಹೆಬ್ಬೆರಳು, ಕೆಳತುಟಿ, ಹೊಟ್ಟೆಯ ಎಡಬದಿ. ನನ್ನ ಚಿತ್ರಗಳಲ್ಲಿ ಎಲ್ಲವೂ ಇತ್ತು, ನಡುವಿನ ದಾರ ಒಂದನ್ನು ಬಿಟ್ಟು. ಗುಳ್ಳೆ ಸರಿಯಾಗಿ ಕಾಣಲೆಂದು ನಾನು ದಾರವನ್ನು ಬರೆದೇ ಇರಲಿಲ್ಲ.

ಮುದುಕಿ ಕತ್ತರಿ ಕೊಟ್ಟಳು. ದಾರ ಕತ್ತರಿಸಿ ಕಾಗದದಲ್ಲಿ ಸುತ್ತಿಕೊಂಡೆ. ಕೈ ಎರಡೂ ಸಾಬೂನಿನಿಂದ ತೊಳೆಯಿರಿ, ಕೊಬ್ಬರಿ ಎಣ್ಣೆ ಹಚ್ಚಿರಿ ಎಂದಳು. ಆ ಅಂಗಿಯ ಇಸ್ತ್ರಿಗೆ ಏನೂ ತೆಗೆದುಕೊಳ್ಳಲಿಲ್ಲ, ಇಸ್ತ್ರಿ ಮಾಡಿಯೇ ಇಲ್ಲ ಎಂದಳು.

ಮನೆಯಲ್ಲಿ ಕಾಗದ ಬಿಚ್ಚಿ ಅತ್ತೆಯ ಎದುರಿಗಿಟ್ಟೆ.

“ಅತ್ತಿ, ಇದು ಯಾರ ಕಟ್ಟಿದ್ದು?”

“ನಾ ಕಟ್ಟೇನಿ.” ಮುಚ್ಚುಮರೆಯೇ ಇಲ್ಲ. “ನೀ ಹೋದ ಸಲ ತವರಿಂದ ಬಂದಾಗ. ಕೂಸಿಗಿ ನಜರ್ ಆಗ್ಯಾದ, ಗುಳ್ಳಿ ಎದ್ದಾವ, ಅದಕ್ಕ ಹೊಸಾದು ಕಟ್ಟೇನಿ.”

“ಹಳೇದು ಇತ್ತಲ್ರಿ?”

“ಹಳೇದೆಲ್ಲಿ? ನಿಮ್ಮವ್ವ ಕಟ್ಟಿದ್ದಿತ್ತು. ಅಕಿ ಬಿಬ್ಬಾ ನನಗ ಬರೋಬರಿ ಅನಸಲಿಲ್ಲ. ತೆಗದೆ.”

“ಅದಕ್ಕಿಂತ ಮೊದಲ?”

“ಹುಟ್ಟಿದಾಗಿನದು ಸುಕ್ಕಾಗಿತ್ತು, ಅದನ್ನೂ ತೆಗದೇನಿ. ಪ್ರತಿ ಸಲ ತೆಗದೇನಿ. ಅಲ್ಲಿ ಯಾರ ಯಾರ ಕಣ್ಣು ಬಿದ್ದಿರ್ತಾವೋ, ಅದನ್ನ ಇಲ್ಲಿ ತನಕ ತರಬೇಕೇನು?”

ಕೈ ತೊಳೆದು ಅವ್ವನಿಗೆ ಫೋನ್ ಮಾಡಿದೆ. ಅವಳಿಗೂ ಮುಚ್ಚುಮರೆಯಿರಲಿಲ್ಲ.

“ಹೌದವಾ, ನಾನೇ ಕಟ್ಟೇನಿ. ನೀ ಬಚ್ಚಲಕ್ಕ ಹೋದಾಗ. ಕೂಸು ಬರ್ತದ, ಮೈತುಂಬ ಗುಳ್ಳಿ, ನಡದಾಗ ನಿಮ್ಮತ್ತಿ ಕಟ್ಟಿದ ಬಿಬ್ಬಾ. ಕೆಲಸ ಮಾಡದ ಬಿಬ್ಬಾ ಇಟಗೊಂಡು ಏನ ಮಾಡೂದು? ತೆಗದು ತಾಜಾ ಕಟ್ಟೇನಿ. ನಾನೇ ಅಂಗಡ್ಯಾಗ ನಿಂತು, ಒತ್ತಿ ನೋಡಿ, ರಸಾ ಇದ್ದದ್ದೇ ಆರಿಸಿ ತಂದೇನಿ.”

ನಾನು ಅಡುಗೆಮನೆಯ ಕಟ್ಟೆಗೆ ಒರಗಿ ನಿಂತೆ. ಆರು ತಿಂಗಳು. ಹೋದಾಗ ಒಬ್ಬರು, ಬಂದಾಗ ಒಬ್ಬರು. ಗುಳ್ಳೆ ಕಂಡರೆ ನಜರ್, ನಜರಿಗೆ ಬಿಬ್ಬಾ, ಬಿಬ್ಬಾಕ್ಕೆ ಗುಳ್ಳೆ. ಒಬ್ಬರು ಕಟ್ಟಿದ್ದನ್ನು ಇನ್ನೊಬ್ಬರು ನಂಬದೆ ಬಿಚ್ಚುವುದು, ಅದಕ್ಕಿಂತ ರಸಭರಿತವಾದದ್ದನ್ನು ಹುಡುಕುವುದು. ನಾನು ನಡುವೆ ಶೇಂಗಾ ಬಿಟ್ಟು, ಪಲ್ಯ ಬಿಟ್ಟು, ಬಸ್ಸಿನಲ್ಲಿ ಪರೀಕ್ಷೆ ಕೊಡುತ್ತ ಓಡಾಡುವುದು. ನಗು ಬರಲಿಲ್ಲ. ಅವ್ವ “ಹಲೋ, ಹಲೋ” ಎನ್ನುತ್ತಿದ್ದಳು.

“ಅವ್ವಾ, ಆ ಬಿಬ್ಬಾದಿಂದೇ ಗುಳ್ಳಿ ಏಳಾಕತ್ತಾವ.”

ಅವ್ವ ಗಂಟಲು ಸರಿಮಾಡಿಕೊಂಡಳು. ಆಮೇಲೆ, “ನಿಮ್ಮತ್ತಿ ಕಟ್ಟಿದ್ದರಿಂದ ಆಗಿರಬೇಕು” ಎಂದಳು.

ಇತ್ತ ಅತ್ತೆ, ಅವ್ವನ ಜೋರು ದನಿ ಕೇಳಿಸಿಕೊಂಡು ನಾನು ಫೋನ್ ಇಡುವುದನ್ನೇ ಕಾಯುತ್ತಿದ್ದವರು, “ಆರಿಸಿ ತಂದಾಳಂತೇನು? ನೋಡು ಮತ್ತ. ನಂದು ನಮ್ಮನ್ಯಾಗಿನ ಡಬ್ಬ್ಯಾಗಿಂದು” ಎಂದರು.

ಮರುದಿನ ಕಾಗದದ ಪೊಟ್ಟಣ, ಅಂಗಿ, ನೋಟ್‌ಬುಕ್ ಮೂರನ್ನೂ ತೆಗೆದುಕೊಂಡು ಡಾಕ್ಟರ ಹತ್ತಿರ ಹೋದೆ. ಈ ಸಲ ನಾಚಿಕೆ ಬಿಟ್ಟು ಪುಟ ತಿರುವಿದೆ. ಅವರು ಬಿಬ್ಬಾ ನೋಡಿ ಪೆನ್ನು ಕೆಳಗಿಟ್ಟರು. “ಇದನ್ನ ಕೇಳಬೇಕಿತ್ತು ನಾ,” ಎಂದರು. ನಾನು, “ಹೇಳಬೇಕಿತ್ತು ನಾ” ಎಂದೆ. ಒಂದು ಮುಲಾಮು ಬರೆದುಕೊಟ್ಟು, ಮೈಗೆ ದಾರವೇ ಬೇಡ, ಇನ್ನು ಏಳಲಿಕ್ಕಿಲ್ಲ, ಎದ್ದರೆ ತೋರಿಸಿ ಎಂದರು. ಅತ್ತೆ ಹೊರಗೆ ಬೆಂಚಿನ ಮೇಲೆ ಕೂತಿದ್ದರು. ಬರುತ್ತೇನೆ ಎಂದು ತಾವೇ ಹೊರಟಿದ್ದರು. ಆದರೆ ಒಳಗೆ ಬರಲಿಲ್ಲ. ರಿಕ್ಷಾದಲ್ಲಿ ಮನೆ ಬರುವ ತನಕ ಮೊಮ್ಮಗಳ ಬರಿ ನಡುವಿನ ಮೇಲೆ ಕೈಯಿಟ್ಟುಕೊಂಡೇ ಕೂತಿದ್ದರು. ಇಳಿಯುವಾಗ, “ನಾ ಐದು ಮಕ್ಕಳಿಗಿ ಕಟ್ಟೇನಿ” ಎಂದರು. ಅಷ್ಟೇ. ಅವರ ದನಿ ಕೇಳಿ ನನ್ನ ಸಿಟ್ಟಿನಲ್ಲಿ ಒಂದು ಪಾಲು ಕಡಿಮೆಯಾಯಿತು. ಪೂರ್ತಿ ಹೋಗಲಿಲ್ಲ.

ಹನ್ನೊಂದನೆಯ ದಿನಕ್ಕೆ ಹೊಟ್ಟೆಯ ಮೇಲೆ ಬರೀ ತಿಳಿ ಕಂದು ಗುರುತುಗಳು ಉಳಿದವು. ಹೊಸದೊಂದೂ ಇಲ್ಲ. ಆಪರೇಷನ್ನಿಗೆ ಇನ್ನು ಐದು ದಿನ. ನಾನು ಏನೂ ಕೇಳಲಿಲ್ಲ. ಅತ್ತೆಯ ಎದುರಿಗೆ ದಿನಾ ಮಗಳ ಅಂಗಿ ಬದಲಿಸಿದೆ, ಅಷ್ಟೇ. ನಿಧಾನವಾಗಿ, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು.

ಹೊರಡುವ ದಿನಕ್ಕೆ ಎರಡು ದಿನ ಮೊದಲು ಅವರೇ ಹೇಳಿದರು. “ಕರಕೊಂಡ ಹೋಗು. ನಿಮ್ಮವ್ವನ ಕೈಲೆ ಮತ್ತ ಬಿಬ್ಬಾ ಕಟ್ಟಿಸಬ್ಯಾಡ.”

“ಇಲ್ರಿ ಅತ್ತಿ.”

“ಬರೀ ನಡ ಇಟ್ಟ ಕಳಸಬ್ಯಾಡ. ಬರೀ ನಡ ನೋಡಿದ್ರ ಅಕಿ ಕಟ್ಟೇ ಕಟ್ತಾಳ. ಕಣ್ಣು ಕಾಣಲಿಲ್ಲಂದ್ರೂ ಕಟ್ತಾಳ.”

ಅದಂತೂ ನಿಜ. ಡಾಕ್ಟರು ದಾರವೇ ಬೇಡವೆಂದಿದ್ದನ್ನು ನೆನಪಿಸಿದೆ. “ದಾರ ಅಂಗಿಗಿ ಹಾಕ್ತೀನಿ, ಮೈಗಲ್ಲ,” ಎಂದರು. ಸೂಜಿ ಡಬ್ಬಿ ತಂದು, ಮಾವನವರ ಹಳೆಯ ಕೋಟಿನಿಂದ ಉಳಿಸಿಕೊಂಡಿದ್ದ ಒಂದು ಕರಿ ಗುಂಡಿ ಆರಿಸಿದರು. ಬಿಬ್ಬಾದಷ್ಟೇ ದಪ್ಪ. ಕರಿ ದಾರದಲ್ಲಿ ಪೋಣಿಸಿ, ಮೂರು ಗಂಟು ಹಾಕಿ, ಚಡ್ಡಿಯ ಲಾಡಿಗೆ ಬಿಗಿಯಾಗಿ ಹೊಲಿದರು. ಒಂದಲ್ಲ, ಹತ್ತು ಚಡ್ಡಿಗೂ. ಮನೆಯಲ್ಲಿದ್ದ ಕೋಟೆಲ್ಲ ಬೋಳಾಯಿತು. ಕೊನೆಗೆ, ನಾನು ಬ್ಯಾಗ್ ತುಂಬಿ ಬಾಗಿಲಿಗೆ ಬಂದಾಗ, ಕಾಯಿಸಿ ಆರಿಸಿದ ನೀರಿನ ಐದು ಲೀಟರ್ ಕ್ಯಾನ್ ತಂದು ನಿಲ್ಲಿಸಿದರು.

“ಬಿಬ್ಬಾ ಬ್ಯಾರೆ, ನೀರ ಬ್ಯಾರೆ,” ಎಂದರು.

ಒಂದು ಕೈಯಲ್ಲಿ ಮಗು, ಹೆಗಲಿಗೆ ಬ್ಯಾಗು, ಇನ್ನೊಂದು ಕೈಯಲ್ಲಿ ಕ್ಯಾನು. ಬಸ್ಸಿನಲ್ಲಿ ಅದು ಎಲ್ಲರ ಕಾಲಿಗೂ ತಾಗಿತು. ಹುಮನಾಬಾದಿನ ಮನೆಯ ಹೊಸ್ತಿಲಲ್ಲಿ ಅವ್ವ ಕ್ಯಾನ್ ನೋಡಿದಳು, ಆಮೇಲೆ ನನ್ನನ್ನು.

“ನಮ್ಮೂರಾಗ ನೀರಿಲ್ಲೇನ?”

“ಇರ್ಲಿ ಬಿಡವಾ.”

“ತುಳಸಿಗಿ ಹಾಕು. ತುಳಸಿಗಿ ಗುಳ್ಳಿ ಏಳ್ತಾವೇನ ನೋಡೂಣು.”

ಆಪರೇಷನ್ ಸುಸೂತ್ರವಾಯಿತು. ಅವ್ವ ಕಪ್ಪು ಕನ್ನಡಕ ಹಾಕಿಕೊಂಡು ಮಂಚದ ಮೇಲೆ ಗೋಡೆಗೊರಗಿ ಕೂತಳು, ಯಾವುದೋ ಸಿನೆಮಾದ ಖಳನಾಯಕನಂತೆ. ನಾನು ಗಡಿಯಾರ ನೋಡಿ ಹನಿ ಹಾಕಿದೆ. ಮಗಳು ಕನ್ನಡಕ ಕೀಳಲು ಮಂಚ ಹತ್ತುತ್ತಿದ್ದಳು, ನಾನು ಇಳಿಸುತ್ತಿದ್ದೆ. ಎರಡನೆಯ ದಿನ ಮಧ್ಯಾಹ್ನ ಅವ್ವ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಮಾತಾಡುತ್ತಲೇ ಅವಳ ನಡು ಸವರಿದಳು. ಬೆರಳು ಗುಂಡಿಯ ಮೇಲೆ ನಿಂತಿತು. ಅದರ ನಾಲ್ಕು ತೂತುಗಳನ್ನು ಉಗುರಿನಿಂದ ಒಂದೊಂದಾಗಿ ಮುಟ್ಟಿದಳು.

“ಇದು ಗುಂಡಿ ಅದ.”

“ಹೌದು.”

“ನೀ ಹೊಲದಿ?”

“ಅತ್ತಿ.”

ಬೆರಳು ಗಂಟಿನ ಕಡೆ ಹೋಯಿತು. ಎಳೆದು ನೋಡಿದಳು. ಬಿಚ್ಚಲಿಲ್ಲ. “ಗಂಟ ಛಲೋ ಹಾಕ್ಯಾಳ,” ಎಂದಳು.

ಅತ್ತೆ ದಿನಾಲೂ ಸಂಜೆ ಐದಕ್ಕೆ ವಿಡಿಯೋ ಕಾಲ್ ಮಾಡುತ್ತಿದ್ದರು. ಮೊದಲು ಬೀಗಿತ್ತಿಯ ಕಣ್ಣು ವಿಚಾರಿಸುವುದು, ಆಮೇಲೆ “ಕೂಸಿನ ಮೈ ತೋರಸು.” ನಾನು ಅಂಗಿ ಎತ್ತಿ ಹೊಟ್ಟೆ ತೋರಿಸುತ್ತಿದ್ದೆ. ಅವರು ಫೋನನ್ನು ಮೂಗಿನ ಹತ್ತಿರ ಹಿಡಿದು ನೋಡಿ, “ಹೂಂ” ಎನ್ನುತ್ತಿದ್ದರು. ಮೊದಲನೆಯ ದಿನ ಹೂಂ, ಎರಡನೆಯ ದಿನ ಹೂಂ. ನಾಲ್ಕನೆಯ ದಿನದ ಹೂಂನಲ್ಲಿ ಸ್ವಲ್ಪ ನಿರಾಸೆ ಕೇಳಿಸಿದಂತಾಯಿತು.

ಐದನೆಯ ದಿನ ಬೆಳಿಗ್ಗೆ ಎದ್ದು ನೋಡಿದರೆ ಮಗಳ ಎಡಗೆನ್ನೆಯ ಮೇಲೆ ಒಂದು ಗುಳ್ಳೆ. ಒಂದೇ. ಕೆಂಪಗೆ, ದುಂಡಗೆ, ನಡುವೆ ಚುಚ್ಚಿದ ಗುರುತು. ಸೊಳ್ಳೆ. ಇದು ಸೊಳ್ಳೆಯೆಂದು ಹುಟ್ಟುಕುರುಡರೂ ಮುಟ್ಟಿ ಹೇಳಬಹುದು. ಅತ್ತೆ ಹೇಳುವುದಿಲ್ಲ. ಇನ್ನೂ ಐದು ದಿನದ ಹನಿ ಬಾಕಿ ಇತ್ತು. ಐದು ಗಂಟೆಗೆ ಫೋನ್ ಬರುತ್ತದೆ. ಹುಮನಾಬಾದಿನ ನೀರು ಎನ್ನುತ್ತಾರೆ, ನಾಳೆ ಮೊದಲ ಬಸ್ಸಿಗೆ ಮಗ ಬಂದು ಕರೆದುಕೊಂಡು ಹೋಗಲಿ ಎನ್ನುತ್ತಾರೆ. ಅವ್ವನಿಗೂ ತೋರಿಸಲಿಲ್ಲ. ತೋರಿಸಿದರೆ ಅಣ್ಣನನ್ನು ಬಿಬ್ಬಾ ತರಲು ಕಳಿಸುತ್ತಾಳೆ. ದಿನವಿಡೀ ಮಗಳ ಎಡಗೆನ್ನೆಯನ್ನು ಇಬ್ಬರು ಅಜ್ಜಿಯರಿಂದ ಬಚ್ಚಿಡುವ ಕೆಲಸದಲ್ಲಿ ಕಳೆದೆ. ಇಪ್ಪತ್ತೆಂಟು ವರ್ಷದ, ಓದಿದ ಹೆಂಗಸು ನಾನು.

ಐದಕ್ಕೆ ಫೋನ್ ಬಂತು. ಮಂಚದ ಅಂಚಿಗೆ ಕೂತು ಮಗಳನ್ನು ತೊಡೆಯ ಮೇಲಿಟ್ಟುಕೊಂಡೆ.

“ಕಣ್ಣ ಹ್ಯಾಂಗ ಅದಾವ್ರಿ?” ಅತ್ತೆ ಕೇಳಿದರು.

“ಛಲೋ ಅದಾವ್ರಿ. ಎಲ್ಲಾ ಕಾಣಾಕತ್ತಾದ,” ಅವ್ವ ಹಿಂದಿನಿಂದ ಹೇಳಿದಳು.

“ಹೊಟ್ಟಿ ತೋರಸವಾ.”

ತೋರಿಸಿದೆ.

“ಹೂಂ. ಮಾರಿ ತೋರಸು. ಎರಡ ದಿನಾತು ಮಾರಿ ನೋಡಿಲ್ಲ.”

ಫೋನು ಯಾವ ಕಡೆ, ಕೆನ್ನೆ ಯಾವ ಕಡೆ ಎನ್ನುವುದೇ ತಿಳಿಯದೆ ಮಗಳ ಮುಖವನ್ನು ತಿರುಗಿಸತೊಡಗಿದೆ. ಆಗ ಬೆನ್ನ ಹಿಂದಿನಿಂದ, ಕಪ್ಪು ಕನ್ನಡಕದೊಳಗಿನಿಂದ, ಫೋನಿಗೆ ಕೇಳಿಸದಷ್ಟು ಸಣ್ಣ ದನಿಯಲ್ಲಿ ಅವ್ವ ಹೇಳಿದಳು.

“ಆ ಕಡಿ ಬ್ಯಾಡ. ಬಲಗಲ್ಲ ತೋರಸು.”